ಬೆಕ್ಕಿನ ಮೈಮೇಲೆ ಕೂತ ಹೊಗೆ

ಪುಟ್ಟಾ, ಚಿನ್ನೂ,

ಇದನ್ನು ನಿಮ್ಮಿಬ್ಬರಿಗೂ ಬರೆಯುತ್ತಿದ್ದೇನೆ, ಹೆಚ್ಚಾಗಿ ಪುಟ್ಟನಿಗೆ. ಪುಟ್ಟನಿಗೆ ಕನ್ನಡ ಮಾತಾಡಲು ಅಷ್ಟೋ ಇಷ್ಟೋ ಬರುತ್ತದೆ, ಓದಲು ಬರುವುದಿಲ್ಲ. ಚಿನ್ನು ಒಂದು ಬೇಸಿಗೆ ರಜೆಯಲ್ಲಿ ನನ್ನ ಪಕ್ಕ ಕೂತು ಅಕ್ಷರ ಕಲಿತವಳು. ಅವಳು ಓದಿ ಹೇಳಲಿ. ನಿಮ್ಮ ಅಮ್ಮನ ಹತ್ತಿರ ಮಾತ್ರ ಓದಿಸಬೇಡಿ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ನಾನು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ಬರೆಯುವ ಅಭ್ಯಾಸವಿಲ್ಲ. ಆದರೆ ಎದುರಿಗೆ ಕೂರಿಸಿಕೊಂಡು ಹೇಳಬೇಕೆಂದರೆ ನನಗೆ ಮಾತು ಹೊಂದಿಸಲು ಬರುವುದಿಲ್ಲ. ಮೊನ್ನೆ ಪುಟ್ಟನ ಕೋಣೆಯಲ್ಲೂ ಹಾಗೇ ಆಯಿತು. ಆಮೇಲೆ ನಾಲ್ಕು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಇದನ್ನು ಬರೆದಿದ್ದೇನೆ.

ಒಣಗಿದ ಬಟ್ಟೆ ಮಡಚಿ ಇಡಲು ಹೋಗಿದ್ದೆ. ಬಾಗಿಲು ತಳ್ಳಿದರೆ ಸರಿಯಲಿಲ್ಲ. ಕೆಳಗೆ ಏನೋ ಅಡ್ಡ ಸಿಕ್ಕಿತ್ತು. ಬಗ್ಗಿ ನೋಡಿದೆ: ಟವೆಲ್. ಹಗ್ಗದ ಹಾಗೆ ಸುರುಳಿ ಸುತ್ತಿ ಬಾಗಿಲ ಸಂದಿಗೆ ಒತ್ತಿಟ್ಟ ಟವೆಲ್. ಬಲವಾಗಿ ತಳ್ಳಿ ಒಳಗೆ ಹೋದೆ. ಒಳಗೆ ಕಿಟಕಿ ಮುಚ್ಚಿತ್ತು. ಮಾವಿನಹಣ್ಣಿನ ಪರಿಮಳ. ಪುಟ್ಟನ ಕೈಯಲ್ಲಿ ಪೆನ್ನಿನಂಥ ಒಂದು ವಸ್ತು. ಹಾಸಿಗೆಯ ಮೇಲೆ ಅವನ ಪಕ್ಕದಲ್ಲೇ ನಿಮ್ಮ ಬೂದು ಬೆಕ್ಕು ಮೈ ನೆಕ್ಕಿಕೊಳ್ಳುತ್ತಾ ಕೂತಿತ್ತು.

"ಅಜ್ಜೀ, ನಾಕ್ ಮಾಡಿ ಬರ್ಬೇಕಲ್ವಾ?" ಎಂದ ಪುಟ್ಟ.

"ಎಂತ ಅದು ಹೊಗೆ?"

"ಹೊಗೆ ಅಲ್ಲ ಅಜ್ಜಿ, ವೇಪ್. ಬರೀ ಸ್ಟೀಮ್. ನಿಮ್ಮ ಇಡ್ಲಿ ಪಾತ್ರೆಯಿಂದ ಬರ್ತದಲ್ಲ, ಸೇಮ್ ಅದೇ. ಮಮ್ಮಿಗೆ ಹೇಳ್ಬೇಡಿ, ಪ್ಲೀಸ್."

"ಬೆಕ್ಕಿಗೆ?"

"ಅದಕ್ಕೇನು? ಅದು ಸೇದ್ತದಾ?"

ನಾನು ಬಟ್ಟೆ ಇಟ್ಟು ಹೊರಗೆ ಬಂದೆ. ಪುಟ್ಟಾ, ನೀನು ತಮಾಷೆಗೆ ಹೇಳಿದ್ದು. ಆದರೆ ಇದೇ ಮಾತನ್ನು, ಹೀಗೇ ನಕ್ಕುಕೊಂಡು, ನಿನ್ನ ಅಜ್ಜ ನನಗೆ ಹೇಳಿದ್ದರು. ಆಗ ನೀನು ತೊಟ್ಟಿಲಲ್ಲಿದ್ದೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ನಾವು ವಡೋದರೆಯ ಫತೇಗಂಜ್‌ನಲ್ಲಿದ್ದೆವು. ಅಜ್ಜ ಅಲ್ಲೇ ಹಾಸ್ಟೆಲ್ ಹುಡುಗರು ಓಡಾಡುವ ಬೀದಿಯಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಹೋಟೆಲಿಗೆ ಹತ್ತಿರವೆಂದು ಒಂದು ಮನೆಯ ಕೆಳ ಅಂತಸ್ತನ್ನು ಬಾಡಿಗೆಗೆ ಹಿಡಿದಿದ್ದೆವು. ಮೇಲೆ ಮನೆಯ ಒಡತಿ. ಗುಜರಾತಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರೂ ಕರೆಯುವಂತೆ ನಾನೂ ಅವರನ್ನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮನೆ ಕೊಡುವಾಗಲೇ ಮಾಸಿ ಮೂರು ಮಾತು ಕೇಳಿದ್ದರು. ಮಾಂಸ ಮೊಟ್ಟೆ ಇಲ್ಲವಲ್ಲ? ಕುಡಿತ ಇಲ್ಲವಲ್ಲ? ಬೀಡಿ ಸಿಗರೇಟು ಇಲ್ಲವಲ್ಲ? ಅಜ್ಜ ಮೂರಕ್ಕೂ ಒಟ್ಟಿಗೆ ತಲೆ ಆಡಿಸಿದರು. ಮೊದಲ ಎರಡು ನಿಜ. ನಾನು ಅವರ ಹಿಂದೆ ನಿಂತು ನೆಲದ ಕಲ್ಲು ನೋಡುತ್ತಿದ್ದೆ.

ಅಜ್ಜ ಬೀಡಿ ಸೇದುತ್ತಿದ್ದರು. ಹೋಟೆಲಿನಲ್ಲಿ ಒಂದೂ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ, ಎದುರಿಗೆ ಗಿರಾಕಿಗಳು. ಸೇದುವ ಕೈಯಿಂದ ಯಾರಾದರೂ ದೋಸೆ ತೆಗೆದುಕೊಳ್ಳುತ್ತಾರೆಯೇ ಎನ್ನುತ್ತಿದ್ದರು. ಬೆಳಿಗ್ಗೆ ಐದಕ್ಕೆ ಹೋದವರು ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಮೂರು ಗಂಟೆಗೆ ಮನೆಗೆ ಬಂದರೆ ಸಂಜೆಯ ತಿಂಡಿಗೆ ಮತ್ತೆ ಹೋಗುವವರೆಗೆ ಎರಡು ಗಂಟೆ ಬಿಡುವು. ಹಿಡಿದಿಟ್ಟ ಬೀಡಿಯೆಲ್ಲ ಆ ಎರಡು ಗಂಟೆಯಲ್ಲಿ. ಮಾಸಿಯೂ ಅದೇ ಹೊತ್ತಿಗೆ ಮೇಲಿನ ಜಗಲಿಯಲ್ಲಿ ಉಯ್ಯಾಲೆಯ ಮೇಲೆ ಕೂತು ಕಾಳು ಆರಿಸುತ್ತಿದ್ದರು. ಅವರ ಉಯ್ಯಾಲೆಯ ನೇರ ಕೆಳಗೆ ನಮ್ಮ ಹಿಂದಿನ ಕೋಣೆಯ ಕಿಟಕಿ. ಹಾಗಾಗಿ ಮೂರು ಗಂಟೆಯಾಯಿತೆಂದರೆ ನಮ್ಮ ಮನೆಯ ಕಿಟಕಿಗಳೆಲ್ಲ ಮುಚ್ಚುತ್ತಿದ್ದವು. ಸೆಕೆಗೆ ಬೆವರುತ್ತಾ ಕೂರುತ್ತಿದ್ದೆವು.

ಆ ಬೆಕ್ಕು ಬಂದದ್ದು ಹೋಟೆಲಿನಿಂದ. ಉಗ್ರಾಣದಲ್ಲಿ ಅಕ್ಕಿ ಮೂಟೆಗೆ ಇಲಿ ಬರುತ್ತದೆಂದು ಅಲ್ಲೊಂದು ಬೆಕ್ಕು ಸಾಕಿದ್ದರು. ಅದರ ಮರಿಯನ್ನು ಅಜ್ಜ ತೆಂಗಿನಕಾಯಿಯ ಬುಟ್ಟಿಯಲ್ಲಿಟ್ಟು ಮನೆಗೆ ತಂದರು. ಬಿಳಿ ಮೈ, ಕಿವಿ ಮತ್ತು ಬಾಲ ಹಳದಿ. ಹೆಸರೇನೂ ಇಡಲಿಲ್ಲ. ಊರಿನಲ್ಲಿ ಕರೆಯುವ ಹಾಗೆ ಪುಚ್ಚೆ ಎಂದೆವು, ಅದೇ ಆಯಿತು. ನಾನು ಅನ್ನ ಹಾಕುವವಳು, ಆದರೆ ಅದು ಅಜ್ಜನ ಬೆಕ್ಕು. ಮೂರು ಗಂಟೆಗೆ ಗೇಟಿನ ಸದ್ದಾದರೆ ಎದ್ದು ಮೈ ಮುರಿದು ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಅವರು ಕೂತರೆ ತೊಡೆಯ ಮೇಲೆ. ಎಂಟು ವರ್ಷ ಹಾಗೆ ಕೂತಿತು.

ನಿಮ್ಮ ಅಮ್ಮ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಪುಟ್ಟಾ, ನೀನು ಹುಟ್ಟಿದೆ. ಬಾಣಂತಿಯ ಕೋಣೆಗೆ ಒಂದು ಶಿಸ್ತು ಉಂಟು. ಗಾಳಿ ಬೀಳಬಾರದು, ವಾಸನೆ ಬೀಳಬಾರದು. ಮಗುವಿಗೆ ಬೀಡಿಯ ಹೊಗೆ ತಾಗಬಾರದೆಂದು ನಾನೇ ಮೊದಲ ಬಾರಿಗೆ ಬಾಯಿ ಬಿಟ್ಟು ಅಜ್ಜನಿಗೆ ಹೇಳಿದೆ. ಅವರು ಎದುರು ಹೇಳಲಿಲ್ಲ. ತಮ್ಮ ಕುರ್ಚಿ, ರೇಡಿಯೋ ಎಲ್ಲ ಹಿಂದಿನ ಕೋಣೆಗೆ ಸಾಗಿಸಿದರು. ಬೆಕ್ಕು ತೊಟ್ಟಿಲಿಗೆ ಹಾರೀತೆಂದು ಅದನ್ನೂ ಅದೇ ಕೋಣೆಗೆ ಹಾಕಿದೆವು.

ಅಲ್ಲಿಯವರೆಗೆ ಇಡೀ ಮನೆಗೆ ಹರಡುತ್ತಿದ್ದ ಹೊಗೆ ಈಗ ಒಂದು ಸಣ್ಣ ಕೋಣೆಯಲ್ಲಿ ಕಟ್ಟಿ ನಿಂತಿತು. ಕಿಟಕಿ ಮಾಸಿಗಾಗಿ ಮುಚ್ಚಿದ್ದು, ಬಾಗಿಲು ಮಗುವಿಗಾಗಿ ಮುಚ್ಚಿದ್ದು. ಬಾಗಿಲ ಸಂದಿಯಿಂದ ಹೊಗೆ ಬರಬಾರದೆಂದು ನಾನು ಟವೆಲನ್ನು ಒದ್ದೆ ಮಾಡಿ, ಹಿಂಡಿ, ಸುರುಳಿ ಸುತ್ತಿ ಒತ್ತಿಡುತ್ತಿದ್ದೆ. ಹೊರಗಿನಿಂದ ಇಡುತ್ತಿದ್ದವಳು ನಾನು. ಇದನ್ನು ಮರೆಯಬೇಡಿ.

ಅಷ್ಟೇ ಅಲ್ಲ. ಅವರು ಸಂಜೆ ಹೋಟೆಲಿಗೆ ಹೋದ ಮೇಲೆ ಕಿಟಕಿ ತೆರೆದರೆ ವಾಸನೆ ನೇರ ಮೇಲಕ್ಕೆ ಹೋಗುತ್ತದಲ್ಲ, ಅದಕ್ಕೊಂದು ಉಪಾಯ ಹುಡುಕಿದೆ. ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವ ಪದ್ಧತಿ ಇದೆಯಲ್ಲ, ಅದೇ ಕೆಂಡದ ಮಡಕೆಯನ್ನು ದಿನವೂ ಹಿಂದಿನ ಕೋಣೆಗೂ ತೆಗೆದುಕೊಂಡು ಹೋಗಿ ಒಂದು ಹಿಡಿ ಸಾಂಬ್ರಾಣಿ ಹೆಚ್ಚಿಗೆ ಸುರಿಯುತ್ತಿದ್ದೆ. ಬೀಡಿಯ ಹೊಗೆಯನ್ನು ಮುಚ್ಚಲು ಇನ್ನೊಂದು ಹೊಗೆ. ಬೆಕ್ಕು ಒಳಗೇ ಇರುತ್ತಿತ್ತು. ಸಾಂಬ್ರಾಣಿ ದೇವರಿಗೆ ಹಾಕುವುದು, ಮಗುವಿಗೆ ಹಿಡಿಯುವುದು, ಅದರಿಂದ ಯಾರಿಗೂ ಕೆಡುಕಿಲ್ಲವೆಂದು ನಂಬಿದ್ದೆ. ಮೇಲಿನಿಂದ ಮಾಸಿ, ತಂಗಿ ಎಂಬ ಅರ್ಥದಲ್ಲಿ ನನ್ನನ್ನು ಬೆನ್ ಎಂದು ಕರೆದು, ಕೂಗಿ ಹೇಳುತ್ತಿದ್ದರು, "ಬೆನ್, ನಿಮ್ಮ ಮನೆಯಿಂದ ಎಷ್ಟು ಒಳ್ಳೆಯ ಪರಿಮಳ. ನಮ್ಮ ಸೊಸೆಗೆ ಸ್ವಲ್ಪ ಕಲಿಸಿ." ನಾನು ನಗುತ್ತಿದ್ದೆ. ಆ ನಗುವಿನ ನೆನಪಾದರೆ ಈಗಲೂ ತಲೆ ತಗ್ಗುತ್ತದೆ.

ನಿನಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಬೆಕ್ಕಿನ ಊಟ ಕಡಿಮೆಯಾಯಿತು. ಹಾಲನ್ನಕ್ಕೆ ಬಾಯಿ ಹಾಕಿ ಹಿಂದೆ ಸರಿಯುತ್ತಿತ್ತು. ತಲೆಯನ್ನು ಒಂದು ಕಡೆಗೆ ವಾಲಿಸಿ ಅಗಿಯುತ್ತಿತ್ತು. ಬಾಯಿಯ ಮೂಲೆಯಿಂದ ಜೊಲ್ಲು. ಹತ್ತಿರ ಹೋದರೆ ದುರ್ವಾಸನೆ. ಮುಖ್ಯವಾಗಿ, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿತು. ದಿನವಿಡೀ ಮೈ ತೊಳೆದುಕೊಳ್ಳುತ್ತಿದ್ದ ಪ್ರಾಣಿ ಅದು. ಬೆನ್ನಿನ ಕೂದಲು ಗಂಟುಗಂಟಾಗಿ ನಿಂತದ್ದನ್ನು ಕಂಡಾಗ ನನಗೆ ಹೆದರಿಕೆಯಾಯಿತು.

"ಡಾಕ್ಟ್ರಿಗೆ ತೋರಿಸ್ಬೇಕು ಅನ್ಸ್ತದೆ," ಎಂದೆ ಅಜ್ಜನಿಗೆ.

"ಬೆಕ್ಕಿಗಾ? ನನ್ಗೇ ಡಾಕ್ಟ್ರಿಲ್ಲ ಮಾರಾಯ್ತಿ." ಹಾಗೆ ಹೇಳಿದರೂ ಬೆಕ್ಕಿನ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. "ಹಲ್ಲು ಹುಳುಕಾಗಿರ್ಬೇಕು. ಕರ್ಕೊಂಡು ಹೋಗು. ನಂಗೆ ಹೋಟೆಲು ಬಿಟ್ಟು ಬರ್ಲಿಕ್ಕಾಗುದಿಲ್ಲ."

ಪ್ರಾಣಿಗಳ ಡಾಕ್ಟರು ಇದ್ದದ್ದು ಅಲ್ಕಾಪುರಿಯಲ್ಲಿ. ನನಗೆ ಹಿಂದಿ ಅರ್ಧಂಬರ್ಧ, ಗುಜರಾತಿ ಕಿವಿಗೆ ಮಾತ್ರ. ಹೊಸಬರ ಮುಂದೆ ಮಾತಾಡಬೇಕೆಂದರೆ ಬರುವ ಭಾಷೆಯೂ ಬರುವುದಿಲ್ಲ. ಮಗಳು ಬಾಣಂತಿ, ಹೊರಗೆ ಬರುವಂತಿಲ್ಲ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಗೇಟಿನ ಹತ್ತಿರ ನಿಂತಿದ್ದೆ, ಹೋಗುವುದೋ ಬೇಡವೋ ಎಂದು. ಮಾಸಿ ಮೇಲಿನಿಂದ ಕಂಡರು. ಚಪ್ಪಲಿ ಮೆಟ್ಟಿ ಇಳಿದು ಬಂದರು.

"ನಡೀರಿ, ನಾನೂ ಬರ್ತೇನೆ. ನೀವು ಹೋಗಿ ಬಾಗಿಲಲ್ಲೇ ನಿಂತು ವಾಪಸ್ ಬರ್ತೀರಿ, ನನಗೆ ಗೊತ್ತು."

ಡಾಕ್ಟರಲ್ಲಿ ಎಲ್ಲ ನಾಯಿಗಳು, ದೊಡ್ಡ ಮನೆಯವರ ನಾಯಿಗಳು. ನಮ್ಮ ಬುಟ್ಟಿ ಬೆಕ್ಕು ಒಂದೇ. ಡಾಕ್ಟರು ತಾಳ್ಮೆಯ ಮನುಷ್ಯ. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಬಾಯಿ ತೆರೆಯಲು ನೋಡಿದರು. ಅದು ಉಗುರು ಹಾಕಿತು. ವಸಡು ಕೆಂಪಾಗಿದೆ ಎಂದರು. ಆಮೇಲೆ ಚೀಟಿ ಬರೆಯುತ್ತಾ, ತಲೆಯೆತ್ತದೆ ಹಿಂದಿಯಲ್ಲಿ ಕೇಳಿದರು, "ಮನೆಯಲ್ಲಿ ಯಾರಾದರೂ ಸಿಗರೇಟು, ಬೀಡಿ ಸೇದುತ್ತಾರೆಯೇ?"

ಈ ಪ್ರಶ್ನೆ ನನಗೆ ಅರ್ಥವಾಯಿತು. ಮಾಸಿ ನನ್ನ ಹೆಗಲಿಗೆ ತಾಗಿ ನಿಂತಿದ್ದರು. ಮನೆಯಲ್ಲಿ ಎರಡು ತಿಂಗಳ ಮಗು, ಬಾಣಂತಿ ಮಗಳು. ಮನೆ ಬಿಡಿ ಎಂದರೆ ಎಲ್ಲಿಗೆ ಹೋಗುವುದು? ಇಷ್ಟೆಲ್ಲ ಯೋಚಿಸಿ ಉತ್ತರ ಕೊಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಗಂಡನ ಚಟವನ್ನು ಪರರ ಮುಂದೆ ಹೇಳಿ ಅಭ್ಯಾಸವೇ ಇರಲಿಲ್ಲ. ತಲೆ ತಾನಾಗಿ ಅಡ್ಡಡ್ಡ ಆಡಿತು.

ಮಾಸಿಯೇ ಮಾತು ಸೇರಿಸಿದರು. ನನ್ನ ಸಾಂಬ್ರಾಣಿಯನ್ನು ಅವರು ಲೋಬಾನ್ ಎನ್ನುತ್ತಿದ್ದರು. "ನಮ್ಮ ಮನೆಯಲ್ಲಾ? ಡಾಕ್ಟರ್ ಸಾಹೇಬ್, ನಾನು ಅಂಥವರಿಗೆ ಮನೆ ಕೊಡೋದೇ ಇಲ್ಲ. ಇವರು ತುಂಬ ಸಾತ್ವಿಕ ಜನ. ದಿನಾ ಲೋಬಾನ್ ಹಾಕ್ತಾರೆ."

"ಲೋಬಾನ್ ಕೂಡ ಬೇಡ," ಎಂದರು ಡಾಕ್ಟರು. "ಬೆಕ್ಕು ಇರುವ ಕೋಣೆಯಲ್ಲಿ ಯಾವ ಹೊಗೆಯೂ ಬೇಡ. ಬಾಯಿಗೆ ಹನಿ ಔಷಧ ಕೊಟ್ಟಿದ್ದೇನೆ. ವಾರದಲ್ಲಿ ಕಡಿಮೆಯಾಗದಿದ್ದರೆ ಕರೆತನ್ನಿ."

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಬೆಕ್ಕಿನ ಬಾಯಿಯ ಬಗ್ಗೆ ಅಲ್ಲ. ಸಾಂಬ್ರಾಣಿ ನಿಲ್ಲಿಸಿದರೆ ಬೀಡಿಯ ವಾಸನೆ ಮೇಲೆ ಹೋಗುತ್ತದಲ್ಲ ಎಂದು.

ಅಜ್ಜ ಬಂದ ಮೇಲೆ ಹೇಳಿದೆ. ಅಂಗಿ ಕಳಚುತ್ತಾ ಕೇಳಿಸಿಕೊಂಡರು.

"ಬೀಡಿಯಿಂದ ಬೆಕ್ಕಿಗೆ ಎಂತಾಗ್ತದೆ? ಅದು ಸೇದ್ತದಾ?"

"ಡಾಕ್ಟ್ರು ಸುಮ್ನೆ ಕೇಳುದಿಲ್ಲ."

"ಸರಿ, ನೀನೇ ಹೇಳು, ಎಲ್ಲಿ ಸೇದುದು? ಹೋಟೆಲಲ್ಲಾ? ಬೀದಿಯಲ್ಲಿ ನಿಂತ್ರೆ ಮಾಸಿಯ ಮಗ ಬರ್ತಾನೆ. ತಾರಸಿ ಮೇಲೆ ಇಡೀ ಬೀದಿಯ ಹೆಂಗಸ್ರು ಹಪ್ಪಳ ಹಾಕಿ ಕೂತಿರ್ತಾರೆ. ಅವ್ರ ನಡುವೆ ಕೂತು ಸೇದ್ಲಾ?"

ನನಗೆ ನಗು ಬಂತು, ಅವರಿಗೂ ಬಂತು. ನಕ್ಕು ಸುಮ್ಮನಾದೆವು. ಮರುದಿನದಿಂದ ಎರಡು ದಿನ ಬೀಡಿ ಮುಟ್ಟಲಿಲ್ಲ ಅವರು. ಹೋಟೆಲಿನಲ್ಲಿ ಅಡಿಗೆಯವರ ಮೇಲೆ ಹರಿಹಾಯ್ದರಂತೆ, ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಒಂದು ಪಾತ್ರೆ ಚಟ್ನಿಯನ್ನೇ ಚೆಲ್ಲಿದರಂತೆ. ಮೂರನೆಯ ದಿನ ಹಿಂದಿನ ಕೋಣೆಯ ಬಾಗಿಲು ಮುಚ್ಚಿತು. ನಾನು ಬೆಕ್ಕನ್ನು ಅಡಿಗೆಮನೆಯಲ್ಲಿ ಕಟ್ಟಿ ಹಾಕಿದೆ. ಅದು ಬಿಡಿಸಿಕೊಂಡು ಹೋಗಿ ಆ ಬಾಗಿಲನ್ನು ಪರಚಿತು. ಒದ್ದೆ ಟವೆಲಿನ ಮೇಲೆ ನಿಂತು, ಕ್ಷೀಣ ದನಿಯಲ್ಲಿ ಕೂಗುತ್ತಾ ಪರಚಿತು. ಒಳಗಿನಿಂದ ಅವರೇ ಬಾಗಿಲು ತೆರೆದು ತೆಗೆದುಕೊಂಡರು. ನನಗೆ ತಡೆಯಲು ಆಗಲಿಲ್ಲ. ದಣಿದಿದ್ದೆ. ಬಾಣಂತಿಗೆ ಬೆಳಿಗ್ಗೆಯ ಕಷಾಯದಿಂದ ರಾತ್ರಿಯ ಸಾರಿನವರೆಗೆ, ಮಗುವಿನ ಬಟ್ಟೆ, ನೀರು ಬರುವ ಹೊತ್ತಿಗೆ ತುಂಬಿಸುವುದು. ಸಂಜೆ ಎಂದಿನಂತೆ ಕೆಂಡದ ಮಡಕೆ ತಂದು ಸಾಂಬ್ರಾಣಿ ಹಾಕಿದೆ. ಒಂದು ಹಿಡಿಯ ಬದಲು ಅರ್ಧ ಹಿಡಿ. ಅಷ್ಟಕ್ಕೇ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಡಾಕ್ಟರು ಹೇಳಿದ್ದು ಒಂದು ವಾರ. ನಾನು ಹೋದದ್ದು ಮೂರು ವಾರ ಕಳೆದ ಮೇಲೆ. ಹೋದರೆ ಮತ್ತೆ ಕೇಳುತ್ತಾರಲ್ಲ ಎಂದು ದಿನ ದೂಡಿದೆ. ಬೆಕ್ಕು ಹಗುರವಾಗುತ್ತಾ ಬಂತು. ಎತ್ತಿಕೊಂಡರೆ ಬರಿಯ ಬಟ್ಟೆಯಷ್ಟು ಭಾರ. ಗಲ್ಲದ ಒಂದು ಬದಿ ಊದಿತು. ಒಂದು ದಿನ ಮಾಸಿಯೇ ಕೆಳಗೆ ಬಂದು ನೋಡಿ, "ಬಿಚಾರಿ, ಏನು ಹೀಗಾಗಿದೆ ಇದು? ಏಳಿ ಬೆನ್, ಈಗಲೇ ಹೋಗೋಣ," ಎಂದು ರಿಕ್ಷಾ ತರಿಸಿದರು.

ಈ ಬಾರಿ ಡಾಕ್ಟರು ಸೂಜಿ ಚುಚ್ಚಿ ಬೆಕ್ಕನ್ನು ಮಲಗಿಸಿ ಬಾಯಿ ನೋಡಿದರು. ನಾಲಿಗೆಯನ್ನು ಎತ್ತಿ ಕೆಳಗೆ ಬೆಳಕು ಹಿಡಿದರು. ಬಹಳ ಹೊತ್ತು ಹಿಡಿದರು. ಅಲ್ಲೊಂದು ಗಡ್ಡೆ. ಕೈ ತೊಳೆದು ಬಂದು ಮತ್ತೆ ಅದೇ ಪ್ರಶ್ನೆ. ಈಗ ನನ್ನ ಕಡೆ ನೇರ ನೋಡುತ್ತಾ ಕೇಳಿದರು.

ಮಾಸಿ ಬಾಯಿ ತೆರೆಯುವ ಮೊದಲು ನಾನು ಹೇಳಿದೆ. ಮೇಜಿನ ಮೇಲೆ ಮಲಗಿದ್ದ ಬೆಕ್ಕಿನ ಹಳದಿ ಕಿವಿಯನ್ನೇ ನೋಡುತ್ತಾ ಹೇಳಿದೆ. "ಬೀಡಿ ಹೈ. ಘರ್ ಮೇ. ರೋಜ್." ಮನೆಯಲ್ಲಿ ಬೀಡಿ ಉಂಟು, ದಿನವೂ. ಇಷ್ಟೇ ನನ್ನ ಹಿಂದಿ. ಇಡೀ ಜೀವನದಲ್ಲಿ ಹೊಸಬರ ಮುಂದೆ ನಾನಾಗಿ ಹೇಳಿದ ಅಷ್ಟು ದೊಡ್ಡ ಮಾತು ಇನ್ನೊಂದಿಲ್ಲ.

ಮಾಸಿ ನನ್ನ ಹೆಗಲ ಮೇಲಿಟ್ಟಿದ್ದ ಕೈ ತೆಗೆದರು.

ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದು ಕೂತು, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು. ಹೊಗೆ ಗಾಳಿಯಲ್ಲಿ ಕರಗಿ ಹೋಗುತ್ತದೆಂದು ನಾವು ತಿಳಿಯುತ್ತೇವೆ, ಅದು ಹೋಗುವುದಿಲ್ಲ, ಕೂರುತ್ತದೆ. ಗೋಡೆಯ ಮೇಲೆ, ಚಾದರದ ಮೇಲೆ, ಬೆಕ್ಕಿನ ಕೂದಲಿನ ಮೇಲೆ. ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ಮೈಮೇಲೆ ಕೂತದ್ದೆಲ್ಲ ನಾಲಿಗೆಗೆ ಬರುತ್ತದೆ, ಬಾಯಲ್ಲಿ ಉಳಿಯುತ್ತದೆ. "ನೀವು ಹೊಗೆಯನ್ನು ಉಸಿರಾಡುತ್ತೀರಿ," ಎಂದರು, "ಇದು ಉಸಿರಾಡಿ, ತಿನ್ನುತ್ತದೆ ಕೂಡ."

"ಇದು ಅದರಿಂದಲೇ ಬಂದದ್ದಾ?" ಎಂದು ಕೇಳಿದವರು ಮಾಸಿ. 

"ಅದರಿಂದಲೇ ಎಂದು ಈ ಒಂದು ಬೆಕ್ಕನ್ನು ನೋಡಿ ಪ್ರಮಾಣ ಮಾಡಲಾರೆ. ಬೀಡಿ ಇಲ್ಲದ ಮನೆಯ ಬೆಕ್ಕಿಗೂ ಬರುತ್ತದೆ. ಆದರೆ ಮೊದಲ ದಿನವೇ ಹೌದೆಂದಿದ್ದರೆ ಅವತ್ತೇ ಮಲಗಿಸಿ ನಾಲಿಗೆಯ ಕೆಳಗೆ ನೋಡುತ್ತಿದ್ದೆ. ಹಲ್ಲಿನ ತೊಂದರೆಯೆಂದು ಹನಿ ಕೊಟ್ಟು ಕಳಿಸುತ್ತಿರಲಿಲ್ಲ."

"ನೋಡಿದ್ದರೆ ಉಳಿಯುತ್ತಿತ್ತಾ?" ಮತ್ತೆ ಮಾಸಿಯೇ ಕೇಳಿದರು.

"ಗೊತ್ತಿಲ್ಲ ಬೆನ್," ಎಂದರು ಡಾಕ್ಟರು.

ಆ ಗೊತ್ತಿಲ್ಲ ಎಂಬುದು ಇವತ್ತಿನವರೆಗೂ ನನ್ನ ಹತ್ತಿರ ಇದೆ. ಉಳಿಯುತ್ತಿರಲಿಲ್ಲ ಎಂದಿದ್ದರೆ ಇಳಿಸಿಬಿಡಬಹುದಿತ್ತು.

ರಿಕ್ಷಾದಲ್ಲಿ ಮಾಸಿ ಸೀಟಿನ ಆ ಬದಿಗೆ ಸರಿದು ಕೂತರು. ಫತೇಗಂಜ್‌ನ ತಿರುವು ಬಂದಾಗ, ರಸ್ತೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಬಾಣಂತನ ಮುಗಿಯಲಿ. ಮಗು ಅದರ ಮನೆಗೆ ಹೋಗಲಿ. ಆಮೇಲೆ ಬೇರೆ ಮನೆ ನೋಡಿಕೊಳ್ಳಿ."

"ಆಯಿತು ಮಾಸಿ."

"ಒಂಬತ್ತು ವರ್ಷ, ಬೆನ್. ನಾನು ಎಲ್ಲರ ಹತ್ತಿರ ನಿಮ್ಮ ಲೋಬಾನ್ ಕತೆ ಹೇಳಿಕೊಂಡು ಬಂದೆ."

ಅಜ್ಜ ಮೂರು ಗಂಟೆಗೆ ಬಂದಾಗ ಎಲ್ಲ ಹೇಳಿದೆ. ಮನೆ ಹೋದದ್ದನ್ನೂ ಹೇಳಿದೆ. ಸಿಟ್ಟಾಗುತ್ತಾರೆಂದು ಅಡಿಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದೆ. ಅವರು ಬೆಕ್ಕನ್ನು ತೊಡೆಗೆ ತೆಗೆದುಕೊಳ್ಳಲು ಕೈ ಚಾಚಿ, ತಮ್ಮ ಬೆರಳು ಮೂಸಿ ನೋಡಿ, ಎದ್ದು ಹೋಗಿ ಬಾವಿಯಲ್ಲಿ ಬಿದ್ದ ಬಿಂದಿಗೆ ಎತ್ತುವವರ ಹಾಗೆ ನಿಧಾನವಾಗಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. "ಹೇಳಿದ್ದು ಒಳ್ಳೇದಾಯ್ತು," ಎಂದರು. ಕೈ ಒರೆಸಿಕೊಳ್ಳುತ್ತಾ, "ನಾನು ಹೇಳ್ಬೇಕಿತ್ತು," ಎಂದರು.

ಆವತ್ತಿನಿಂದ ಮನೆಯೊಳಗೆ ಬೀಡಿ ಹಚ್ಚಲಿಲ್ಲ. ಬಿಡಲಿಕ್ಕಂತೂ ಆಗಲಿಲ್ಲ. ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಕಟ್ಟೆಯಾಚೆ ನಿಂತು ಸೇದಿ, ಕೈ ಬಾಯಿ ತೊಳೆದು ಮನೆಗೆ ಬರುತ್ತಿದ್ದರು. ಬಂದು ಅಂಗಿ ಬದಲಿಸಿ ಆಮೇಲೆ ಬೆಕ್ಕಿನ ಹತ್ತಿರ ಹೋಗುತ್ತಿದ್ದರು. ನಾನು ಹಿಂದಿನ ಕೋಣೆಯ ಗೋಡೆ ಒರೆಸಿದೆ. ಒರೆಸಿದ ಬಟ್ಟೆ ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತು. ಚಾದರ, ಪರದೆ ಎಲ್ಲ ಕುದಿಸಿ ಒಗೆದೆ. ಕಿಟಕಿ ಮೂರು ಗಂಟೆಗೂ ತೆರೆದೇ ಇತ್ತು. ಮುಚ್ಚಿಡಲು ಈಗ ಏನೂ ಉಳಿದಿರಲಿಲ್ಲ.

ಬೆಕ್ಕು ಮಾತ್ರ ತೊಳೆದ ಅಂಗಿಯ ತೊಡೆಯಲ್ಲಿ ಕೂರುತ್ತಿರಲಿಲ್ಲ. ಮೂಸಿ ನೋಡಿ ಇಳಿದು, ಬಚ್ಚಲ ಬಾಗಿಲಿನಲ್ಲಿ ಅವರು ಕಳಚಿ ಹಾಕಿದ ಅಂಗಿಯ ಮೇಲೆ ಹೋಗಿ ಮಲಗುತ್ತಿತ್ತು. ಎಂಟು ವರ್ಷ ಅದಕ್ಕೆ ಅವರೆಂದರೆ ಆ ವಾಸನೆಯೇ. ನಾನು ಅಂಗಿಯನ್ನು ಎಳೆದುಕೊಳ್ಳಲು ಹೋದರೆ ಅಜ್ಜ, "ಬಿಡು, ಇನ್ನೆಷ್ಟು ದಿನ ಅದು," ಎನ್ನುತ್ತಿದ್ದರು. ಒಂದೊಂದು ದಿನ ಎಳೆದೆ, ಒಂದೊಂದು ದಿನ ಬಿಟ್ಟೆ.

ಮಾಸಿ ನನ್ನೊಂದಿಗೆ ಮಾತು ಕಡಿಮೆ ಮಾಡಿದರು. ಆದರೆ ದಿನವೂ ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ಸಣ್ಣ ಲೋಟದಲ್ಲಿ ಹಾಲಿಟ್ಟು ಹೋಗುತ್ತಿದ್ದರು. ಉಗುರುಬೆಚ್ಚಗಿನ ಹಾಲು, ಬೆಕ್ಕಿಗೆ. ಕೊನೆಯ ವಾರದಲ್ಲಿ ಅದು ಹಾಲನ್ನೂ ನುಂಗಲಿಲ್ಲ. ಅಜ್ಜ ಹೋಟೆಲು ಬಿಟ್ಟು ಬರಲಾಗುವುದಿಲ್ಲ ಎಂದಿದ್ದವರು, ಒಂದು ದಿನ ಊಟದ ಹೊತ್ತಿನಲ್ಲೇ ಬಿಟ್ಟು ಬಂದು ಬುಟ್ಟಿ ಹೊತ್ತು ಅಲ್ಕಾಪುರಿಗೆ ಹೋದರು. ಡಾಕ್ಟರು ನೋವಿಲ್ಲದೆ ಜೀವ ಹೋಗುವ ಸೂಜಿ ಕೊಟ್ಟರಂತೆ. ಹೋಟೆಲಿನ ಹಿತ್ತಲಿನಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಹೂತು, ಕೈ ತೊಳೆದು, ಸಂಜೆಯ ತಿಂಡಿಗೆ ಹಿಟ್ಟು ಕಲಸಲು ನಿಂತರು. ಮನೆಗೆ ಬಂದು ಖಾಲಿ ಬುಟ್ಟಿಯನ್ನು ಮೊಳೆಗೆ ತೂಗುಹಾಕಿದರು.

ನೀನು ಐದು ತಿಂಗಳ ಮಗುವಾಗಿ ಅಮ್ಮನ ಜೊತೆ ಸೂರತ್ತಿಗೆ ಹೋದೆ. ನಮಗೆ ಫತೇಗಂಜ್‌ನಲ್ಲಿ ಮನೆ ಸಿಗಲಿಲ್ಲ. ಮಾಸಿ ಯಾರಿಗೂ ಹೇಳಿರಲಿಲ್ಲ, ನಾವೇ ಹೇಳುತ್ತಿದ್ದೆವು. ಮನೆ ತೋರಿಸುವವರು ಆ ಮೂರು ಪ್ರಶ್ನೆ ಕೇಳುತ್ತಿದ್ದರು, ಅಜ್ಜ ನನ್ನ ಮುಖ ನೋಡುತ್ತಿದ್ದರು, ನಾನು, "ಸೇದುತ್ತಾರೆ, ಮನೆಯೊಳಗಲ್ಲ," ಎನ್ನುತ್ತಿದ್ದೆ. ಇಬ್ಬರು ಬಾಗಿಲು ಮುಚ್ಚಿದರು. ಕೊನೆಗೆ ಹೋಟೆಲನ್ನು ಜೊತೆಯವರಿಗೆ ಬಿಟ್ಟು ಅಹಮದಾಬಾದಿಗೆ ಹೋಗಿ, ಮಣಿನಗರದ ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಅವರು ಗಲ್ಲಾಪೆಟ್ಟಿಗೆಗೆ ಕೂತರು. ಅಲ್ಲಿಯ ಮನೆಯವನು ನನ್ನ ಉತ್ತರ ಕೇಳಿ, "ರೈಲಿನ ಹೊಗೆ, ರಸ್ತೆಯ ಹೊಗೆ ಎಲ್ಲ ಇದ್ದದ್ದೇ, ಇನ್ನೊಂದು ಯಾವ ಲೆಕ್ಕ," ಎಂದು ಬೀಗದ ಕೈ ಕೊಟ್ಟ. ಅಲ್ಲಿ ಬೆಕ್ಕು ಸಾಕಲಿಲ್ಲ. ಕೆಲವು ವರ್ಷಗಳ ನಂತರ ಅಜ್ಜನ ಎದೆಯೂ ಕೆಟ್ಟಿತು. ಆ ಕತೆ ನಿಮಗೆ ಗೊತ್ತಿದೆ, ಅದನ್ನು ಮತ್ತೆ ಬರೆಯಲು ನನಗೆ ಶಕ್ತಿಯಿಲ್ಲ. ಅವರು ಹೋದ ಮೇಲೆ ನಾನು ನಿಮ್ಮ ಮನೆಗೆ ಬಂದೆ.

ಪುಟ್ಟಾ, ನಿನ್ನ ಮಾವಿನ ಪರಿಮಳದ ಆವಿ ಬೀಡಿಯಲ್ಲ, ಒಪ್ಪಿದೆ. ಅದರ ಬಗ್ಗೆ ನನಗೆ ತಿಳಿವಳಿಕೆಯಿಲ್ಲ. ಆದರೆ ಇಡ್ಲಿಯ ಹಬೆ ನನಗೆ ಗೊತ್ತು. ನಲವತ್ತು ವರ್ಷ ಅದರ ಮುಂದೆ ನಿಂತಿದ್ದೇನೆ. ಅದು ಗಾಜಿನ ಮೇಲೆ ಕೂತರೆ ನೀರಾಗಿ ಇಳಿದು ಒಣಗುತ್ತದೆ. ನೀನು ಕಾಲೇಜಿಗೆ ಹೋದ ಮೇಲೆ ನಿನ್ನ ಕಿಟಕಿಯ ಗಾಜನ್ನು ಬೆರಳಿನಿಂದ ಒರೆಸಿ ನೋಡಿದೆ. ಜಿಗುಟು. ಅದೇ ಜಿಗುಟು ನಿನ್ನ ಹಾಸಿಗೆಯ ಮೇಲೂ, ನಿನ್ನ ಪಕ್ಕ ಕೂತು ಮೈ ನೆಕ್ಕುವ ಬೆಕ್ಕಿನ ಮೈಮೇಲೂ ಇಲ್ಲವೆಂದು ಹೇಗೆ ಹೇಳುತ್ತೀ?

ಚಿನ್ನು ಶನಿವಾರ ಬೆಕ್ಕಿಗೆ ಸೂಜಿ ಹಾಕಿಸಲು ಹೋದಾಗ ನಾನೂ ಬರುತ್ತೇನೆಂದೆನಲ್ಲ, ಅವಳಿಗೆ ಆಶ್ಚರ್ಯವಾಯಿತು. ಅವಳು ಹೊರಗೆ ಬಿಲ್ಲು ಮಾಡಿಸುವಾಗ ನಾನು ಆ ಡಾಕ್ಟರಮ್ಮನನ್ನು ವೇಪಿನ ಬಗ್ಗೆ ಕೇಳಿದೆ. ಬೀಡಿ ಸಿಗರೇಟಿನ ಬಗ್ಗೆ ತಿಳಿದಷ್ಟು ಇದರ ಬಗ್ಗೆ ಇನ್ನೂ ತಿಳಿದಿಲ್ಲ ಎಂದಳು. ಆದರೆ ಅದು ಬರಿಯ ನೀರಲ್ಲ, ಹೆಚ್ಚಿನವುಗಳಲ್ಲಿ ತಂಬಾಕಿನ ಅದೇ ನಿಕೋಟಿನ್ ಇರುತ್ತದೆ, ಕೂದಲಿನ ಮೇಲೆ ಕೂರುತ್ತದೆ, ಬೆಕ್ಕು ನೆಕ್ಕುತ್ತದೆ. ಆ ಪೆನ್ನಿನೊಳಗೆ ತುಂಬುವ ದ್ರವ ನೆಲಕ್ಕೆ ಚೆಲ್ಲಿ ಬೆಕ್ಕು ಸ್ವಲ್ಪ ನೆಕ್ಕಿದರೂ ಜೀವಕ್ಕೆ ಅಪಾಯ, ಕೂಡಲೇ ಎತ್ತಿಕೊಂಡು ಓಡಿ ಬರಬೇಕು ಎಂದಳು. ಏನೂ ಆಗುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದಳು. "ನಿಮ್ಮ ಮನೆಯಲ್ಲಿ ಯಾರು?" ಎಂದು ಕೇಳಿದಳು. ಹೇಳಿದೆ. ನಿನಗೆ ಸಿಟ್ಟು ಬರಬಹುದು. ಬರಲಿ. ಬೆಕ್ಕಿನ ಫೈಲಿನಲ್ಲಿ ಅವಳು ಬರೆದುಕೊಂಡಿದ್ದಾಳೆ. ಇನ್ನು ಪ್ರತಿ ಸಲ ಅದರ ಬಾಯಿ, ನಾಲಿಗೆಯ ಕೆಳಗೆ ನೋಡುತ್ತಾಳೆ.

ಅಮ್ಮನಿಗೆ ನಾನು ಹೇಳುವುದಿಲ್ಲ. ಅದು ನೀನು ಹೇಳಬೇಕಾದ ಮಾತು. ವೇಪನ್ನು ಮಾರುವುದೇ ನಿಷೇಧವಂತೆ, ಬಿಟ್ಟರೆ ನೆಮ್ಮದಿ. ಆದರೆ ಬಿಡು ಎಂದ ಕೂಡಲೇ ಬಿಡುವವರನ್ನು ನಾನು ಕಂಡಿಲ್ಲ, ಹಾಗಾಗಿ ಅದನ್ನು ಕೇಳುವುದಿಲ್ಲ. ನಾನು ಕೇಳುವುದು ಬಾಗಿಲ ಕೆಳಗಿನ ಟವೆಲಿನ ಬಗ್ಗೆ. ಯಾರಿಗೂ ಗೊತ್ತಾಗಬಾರದೆಂದು ಅದನ್ನು ಇಡುತ್ತೀ. ಒಳಗೆ ಉಳಿಯುವುದು ನೀನು ಮತ್ತು ಬೆಕ್ಕು. ನೀನು ಎದ್ದು ಕಾಲೇಜಿಗೆ ಹೋಗುತ್ತೀ. ತೊಟ್ಟಿಲಲ್ಲಿದ್ದಾಗ ನಿನ್ನನ್ನು ಆ ಬಾಗಿಲಿನ ಈಚೆ ಇಟ್ಟು ಕಾಪಾಡಿದೆವು. ಆಚೆ ಯಾರಿದ್ದರೆಂದು ನಾವು ನೋಡಲಿಲ್ಲ. ನೀನಾದರೂ ನೋಡು. ಸೇದಲೇಬೇಕಾದರೆ ಕಟ್ಟಡದ ಹೊರಗೆ ಹೋಗು, ಬಂದು ಕೈ ತೊಳೆದು ಅಂಗಿ ಬದಲಿಸು, ಆ ದ್ರವದ ಬಾಟಲಿಯನ್ನು ಮನೆಯೊಳಗೆ ತರಬೇಡ.

ಈ ಹಾಳೆಗಳನ್ನು ಬೆಕ್ಕಿನ ಸೂಜಿಯ ಪುಸ್ತಕವಿರುವ ಆ ನೀಲಿ ಫೈಲಿನಲ್ಲಿ ಇಟ್ಟು ಜೋಪಾನ ಮಾಡಿ. ಡಾಕ್ಟರಲ್ಲಿಗೆ ಹೋಗುವಾಗಲೆಲ್ಲ ಆ ಫೈಲು ನಿಮ್ಮ ಕೈಯಲ್ಲಿರುತ್ತದೆ. ಆ ಡಾಕ್ಟರಮ್ಮ ಏನಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ಇವು ಒಳಗಿವೆಯೆಂದು ನೆನಪಿರಲಿ.